ಆ ಮೇಣದ ಬ್ಲಾಕುಗಳು ಉಳಿಯಲಿ: ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿರುವವಳು ನಾನು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನಾಲಗೆಯ ತುಂಡು, ಕೆನ್ನೆಯ ಒಳಪದರ, ದವಡೆಯ ಮೂಳೆ, ಕುತ್ತಿಗೆಯ ಗಂಟುಗಳು ನನ್ನ ಮೇಜಿಗೆ ಬರುತ್ತವೆ. ಅವನ್ನು ಕೊಯ್ದು, ಸ್ಲೈಡು ಮಾಡಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿದೆ ಎಂದು ಬರೆದುಕೊಡುತ್ತೇನೆ. ರೋಗಿ ನನ್ನ ಮುಖ ನೋಡಿರುವುದಿಲ್ಲ. ಆದರೂ ಮುಂದೆ ಅವರಿಗೆ ರೇಡಿಯೇಷನ್ ಬೇಕೋ ಬೇಡವೋ ಎನ್ನುವುದು ಬಹಳಮಟ್ಟಿಗೆ ಆ ರಿಪೋರ್ಟಿನ ಮೇಲೆ ನಿಂತಿರುತ್ತದೆ. ಗಡ್ಡೆಯ ಬಳಿ ಪ್ರತಿರಕ್ಷಾ ಕೋಶಗಳು ಗುಂಪುಕಟ್ಟಿವೆಯೇ ಎಂಬ ಒಂದು ಸಾಲು ಆ ರಿಪೋರ್ಟಿಗೆ ಸೇರಬೇಕು. ಆ ತುಂಡುಗಳನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕುಗಳು ಉಳಿಯಬೇಕು. ಆ ರೋಗಿ ಮುಂದೆ ಹೇಗಿದ್ದಾರೆ ಎಂಬ ಮಾಹಿತಿ ಬ್ಲಾಕಿನ ನಂಬರಿಗೆ ಬಂದು ಸೇರಿಕೊಳ್ಳಬೇಕು. ಇಷ್ಟನ್ನು ಕೇಳುವುದಕ್ಕೆ ಈ ಪತ್ರ.

ಬಾಯಿ ಕ್ಯಾನ್ಸರ್ ನಮ್ಮಲ್ಲಿ ಎಷ್ಟಿದೆ ಎಂಬುದನ್ನು ತಮಗೆ ಹೊಸದಾಗಿ ಹೇಳಬೇಕಿಲ್ಲ. ಗ್ಲೋಬೋಕಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕದ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.4 ಲಕ್ಷ ಜನಕ್ಕೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂತು. ದೇಶದ ಗಂಡಸರಲ್ಲಿ ಇದಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಬೇರೊಂದಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ, ಸಿಗರೇಟು, ಮದ್ಯ ಎಲ್ಲವೂ ಇದಕ್ಕೆ ಕಾರಣಗಳೇ. ಅಡಿಕೆಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಕೂತು ಇದನ್ನು ಹೇಳುವುದು ಯಾರಿಗೂ ಸುಲಭವಲ್ಲ, ಹೇಳದೆ ಇರುವುದು ಇನ್ನೂ ಕಷ್ಟ. ರಾಜ್ಯವು 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಗೂಡಂಗಡಿಯಲ್ಲಿ ಜೋತುಬಿದ್ದಿವೆ. ಅದರ ಬಗ್ಗೆ ಬೇರೆಯೇ ಒಂದು ಪತ್ರ ಬರೆಯಬೇಕು.

ಇಲ್ಲಿ ನಾನು ಹೇಳಹೊರಟಿರುವುದು ಕ್ಯಾನ್ಸರ್ ಬಂದಾದ ಮೇಲಿನ ಮಾತು. ಬಾಯಿ ಕ್ಯಾನ್ಸರಿನಲ್ಲಿ ಮುಂದೇನು ಎಂದು ತಿಳಿಯಲು ನಮ್ಮ ಕೈಯಲ್ಲಿರುವ ಅಳತೆಗಳು ಕೆಲವೇ ಕೆಲವು: ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳಕ್ಕೆ ಇಳಿದಿದೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ, ಗ್ರಂಥಿಯ ಹೊದಿಕೆ ಒಡೆದು ಹೊರಬಂದಿದೆಯೇ, ಕತ್ತರಿಸಿದ ಅಂಚು ಶುದ್ಧವಾಗಿದೆಯೇ, ನರದ ಸುತ್ತ ಹಬ್ಬಿದೆಯೇ. ಇವನ್ನೆಲ್ಲ ಸೇರಿಸಿ ಸ್ಟೇಜು ಹೇಳುತ್ತೇವೆ, ರೇಡಿಯೇಷನ್ ಬೇಕೇ ಎಂದು ತೀರ್ಮಾನಿಸುತ್ತೇವೆ. ಆದರೆ ಒಂದೇ ಸ್ಟೇಜಿನ, ಒಂದೇ ವಯಸ್ಸಿನ, ಒಂದೇ ಬಗೆಯ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರಿಗೆ ವರ್ಷದೊಳಗೆ ಕ್ಯಾನ್ಸರ್ ಮರಳಿ ಬರುತ್ತದೆ, ಇನ್ನೊಬ್ಬರು ಹತ್ತು ವರ್ಷ ಕಳೆದರೂ ಆರೋಗ್ಯವಾಗಿ ಓಡಾಡಿಕೊಂಡಿರುತ್ತಾರೆ. ಈ ವ್ಯತ್ಯಾಸದ ಒಂದು ಭಾಗ ಗಡ್ಡೆಯಲ್ಲಲ್ಲ, ಗಡ್ಡೆಯ ಸುತ್ತ ನೆರೆದ ಪ್ರತಿರಕ್ಷಾ ಕೋಶಗಳಲ್ಲಿದೆ ಎಂದು ಈಗ ಒಂದರ ಮೇಲೊಂದು ಅಧ್ಯಯನ ಹೇಳುತ್ತಿದೆ.

ಮೈಕ್ರೋಸ್ಕೋಪಿನಲ್ಲಿ ಕಾಣುವುದನ್ನು ಸರಳವಾಗಿ ಹೇಳುತ್ತೇನೆ. ಸೋಂಕಿನ ವಿರುದ್ಧ, ಕ್ಯಾನ್ಸರಿನ ವಿರುದ್ಧ ಹೋರಾಡುವ ಲಿಂಫೊಸೈಟುಗಳು ತರಬೇತಿ ಪಡೆಯುವುದು ದುಗ್ಧಗ್ರಂಥಿಗಳಲ್ಲಿ. ಗ್ರಂಥಿಯನ್ನು ಊರಿನ ಗರಡಿಮನೆ ಎಂದುಕೊಳ್ಳಿ: ಪಟ್ಟು ಕಲಿಯುವುದು ಅಲ್ಲಿ, ಕುಸ್ತಿ ನಡೆಯುವುದು ಬೇರೆ ಕಡೆ. ಕೆಲವು ರೋಗಿಗಳಲ್ಲಿ ಮಾತ್ರ ಗಡ್ಡೆಯ ಅಂಚಿನಲ್ಲೇ ಹೊಸದೊಂದು ಗರಡಿ ಎದ್ದಿರುತ್ತದೆ. ನಡುವೆ ಬಿ ಕೋಶ ಎಂಬ ಬಗೆಯ ಲಿಂಫೊಸೈಟುಗಳ ದುಂಡನೆಯ ಗುಂಪು, ಸುತ್ತ ಟಿ ಕೋಶ ಎಂಬ ಇನ್ನೊಂದು ಬಗೆಯವುಗಳ ವಲಯ, ಗುರುತಿಸಬೇಕಾದ ವಸ್ತುವನ್ನು ಹಿಡಿದು ತೋರಿಸುವ ಡೆಂಡ್ರೈಟಿಕ್ ಕೋಶಗಳು, ರಕ್ತದಿಂದ ಲಿಂಫೊಸೈಟುಗಳನ್ನು ಒಳಗೆ ಬಿಟ್ಟುಕೊಳ್ಳುವ ದಪ್ಪ ಗೋಡೆಯ ವಿಶೇಷ ರಕ್ತನಾಳಗಳು. ಇದಕ್ಕೆ ಟರ್ಷಿಯರಿ ಲಿಂಫಾಯ್ಡ್ ಸ್ಟ್ರಕ್ಚರ್ ಎನ್ನುತ್ತಾರೆ. ನಾವು ಟಿಎಲ್‌ಎಸ್ ಎನ್ನುತ್ತೇವೆ. ಹುಟ್ಟುವಾಗ ದೇಹದಲ್ಲಿ ಇದು ಇರುವುದಿಲ್ಲ. ದೀರ್ಘಕಾಲದ ಉರಿಯೂತ ಇದ್ದ ಕಡೆ, ಸಿಎಕ್ಸ್‌ಸಿಎಲ್13 ಎಂಬಂಥ ರಾಸಾಯನಿಕ ಸಂಕೇತಗಳ ಕರೆಗೆ ಕೋಶಗಳು ಬಂದು ಸೇರಿ ಕಟ್ಟಿಕೊಳ್ಳುತ್ತವೆ. ಕೆಲವು ಬರೀ ಸಡಿಲವಾದ ಗುಂಪುಗಳಾಗಿಯೇ ನಿಲ್ಲುತ್ತವೆ. ಕೆಲವು ಪೂರ್ತಿ ಬಲಿತು, ಮಧ್ಯದಲ್ಲಿ ಜರ್ಮಿನಲ್ ಸೆಂಟರ್ ಮೂಡಿಸಿಕೊಳ್ಳುತ್ತವೆ. ಬಿ ಕೋಶಗಳು ತಮ್ಮ ಗುರಿಯನ್ನು ಹರಿತಗೊಳಿಸಿಕೊಂಡು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಾಗುವುದು ಅಲ್ಲಿ. ಬಲಿತ ಟಿಎಲ್‌ಎಸ್‌ಗೂ ಬಲಿಯದ್ದಕ್ಕೂ ಬಹಳ ಅಂತರವಿದೆ. ಎಣಿಸುವಾಗ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ಎಣಿಕೆಗೆ ಅರ್ಥವಿರುವುದಿಲ್ಲ.

ಲಿಂಫೊಸೈಟುಗಳ ಈ ಗುಂಪುಗಳನ್ನು ಪೆಥಾಲಜಿಸ್ಟುಗಳು ಬಹುಕಾಲದಿಂದ ನೋಡುತ್ತಲೇ ಇದ್ದಾರೆ. ಹೆಚ್ಚೆಂದರೆ ‘ಸುತ್ತ ಲಿಂಫೊಸೈಟುಗಳ ಪ್ರತಿಕ್ರಿಯೆ ಇದೆ’ ಎಂದು ಅರ್ಧ ಸಾಲು ಬರೆದು ಮುಂದೆ ಹೋಗುತ್ತಿದ್ದೆವು. 2008ರಲ್ಲಿ ಫ್ರಾನ್ಸಿನ ಸಂಶೋಧಕರು ಆರಂಭದ ಹಂತದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇವು ಹೆಚ್ಚಿದ್ದ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಂದು ತೋರಿಸಿದರು. 2020ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ಮೂರು ಅಧ್ಯಯನಗಳನ್ನು ಒಟ್ಟಿಗೆ ಪ್ರಕಟಿಸಿತು: ಮೆಲನೋಮ, ಸಾರ್ಕೋಮ ಮುಂತಾದ ಕ್ಯಾನ್ಸರ್‌ಗಳಲ್ಲಿ ಬಿ ಕೋಶ ಮತ್ತು ಟಿಎಲ್‌ಎಸ್ ಇರುವ ಗಡ್ಡೆಗಳು ಇಮ್ಯುನೋಥೆರಪಿಗೆ, ಅಂದರೆ ದೇಹದ ಪ್ರತಿರಕ್ಷಾ ಕೋಶಗಳನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆಗೆ, ಚೆನ್ನಾಗಿ ಸ್ಪಂದಿಸುತ್ತವೆ ಎಂಬುದು ಅವುಗಳ ಸಾರ. ಅಲ್ಲಿಯವರೆಗೆ ಎಲ್ಲರ ಕಣ್ಣೂ ಟಿ ಕೋಶಗಳ ಮೇಲೇ ಇತ್ತು. ಆ ಮೂರು ಬಂದ ಮೇಲೆ ಬಿ ಕೋಶಗಳನ್ನು ಬದಿಗಿಡಲು ಯಾರಿಗೂ ಸಾಧ್ಯವಾಗಲಿಲ್ಲ.

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲೂ ಇದೇ ದಾರಿಯ ಫಲಿತಾಂಶಗಳಿವೆ. ನಾರ್ವೆಯ ಸಂಶೋಧಕರು ಬಾಯಿ ಕ್ಯಾನ್ಸರಿನ ಗಡ್ಡೆಯಲ್ಲಿ ಮೇಲೆ ಹೇಳಿದ ದಪ್ಪ ಗೋಡೆಯ ರಕ್ತನಾಳಗಳಿರುವುದು ಒಳ್ಳೆಯ ಸೂಚನೆ, ಅದೂ ಮುಂದುವರಿದ ಸ್ಟೇಜಿನವರಲ್ಲಿ, ಎಂದು ಕಂಡುಕೊಂಡರು. 2020ರಲ್ಲಿ ಚೀನಾದ ತಂಡವೊಂದು ಬಾಯಿ ಕ್ಯಾನ್ಸರಿನಲ್ಲಿ ಗಡ್ಡೆಯೊಳಗಿನ ಟಿಎಲ್‌ಎಸ್‌ಗೂ ಬದುಕುಳಿಯುವ ಸಾಧ್ಯತೆಗೂ ಸಂಬಂಧವಿದೆಯೆಂದು ಬರೆಯಿತು. 2021ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಿಂದ ಬಂದ ಅಧ್ಯಯನ ಇನ್ನಷ್ಟು ಒಳಹೊಕ್ಕು ನೋಡಿತು. ಎಚ್‌ಪಿವಿ ವೈರಸ್‌ನಿಂದ ಬಂದ ಗಂಟಲಿನ ಕ್ಯಾನ್ಸರ್‌ಗಳಲ್ಲಿ ಜರ್ಮಿನಲ್ ಸೆಂಟರ್ ಇರುವ ಬಲಿತ ಟಿಎಲ್‌ಎಸ್ ಹೆಚ್ಚು. ವೈರಸ್ ಇಲ್ಲದ, ತಂಬಾಕಿನಿಂದ ಬಂದ ಕ್ಯಾನ್ಸರ್‌ಗಳಲ್ಲಿ ಕಡಿಮೆ. ಎಚ್‌ಪಿವಿ ಕ್ಯಾನ್ಸರಿನ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂಬ ಹಳೆಯ ಅನುಭವಕ್ಕೆ ಇದು ಒಂದು ವಿವರಣೆ ಕೊಟ್ಟಿತು.

ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ಈ ಕೊನೆಯ ಸಂಗತಿಯೇ. ಅಮೆರಿಕದಲ್ಲಿ ಇವತ್ತು ಗಂಟಲಿನ ಕ್ಯಾನ್ಸರ್ ಎಂದರೆ ಬಹುಪಾಲು ಎಚ್‌ಪಿವಿ. ನಮ್ಮಲ್ಲಿ ಹೆಚ್ಚಾಗಿ ಬರುವುದು ಒಸಡು ಮತ್ತು ಕೆನ್ನೆ ಸೇರುವ ಜಾಗದ ಕ್ಯಾನ್ಸರ್, ಎಲೆಅಡಿಕೆ ಹೊಗೆಸೊಪ್ಪು ಒತ್ತರಿಸಿಟ್ಟುಕೊಳ್ಳುವ ಆ ಮೂಲೆಯದು. ನಮ್ಮ ಎಷ್ಟೋ ರೋಗಿಗಳಿಗೆ ಕ್ಯಾನ್ಸರ್ ಬರುವ ಮೊದಲೇ ಸಬ್‌ಮ್ಯೂಕಸ್ ಫೈಬ್ರೋಸಿಸ್ ಆಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರುವುದಿಲ್ಲ. ಒಳಗಿನ ಅಂಗಾಂಶ ನಾರುಗಟ್ಟಿ, ರಕ್ತನಾಳಗಳು ಕುಗ್ಗಿ ಹೋಗಿರುತ್ತವೆ. ರಕ್ತನಾಳದ ಮೂಲಕವೇ ಬಂದು ಸೇರಬೇಕಾದ ಕೋಶಗಳು ಅಂಥ ನೆಲದಲ್ಲಿ ಟಿಎಲ್‌ಎಸ್ ಕಟ್ಟಬಲ್ಲವೇ? ಕಟ್ಟಿದರೆ ಅವು ಬಲಿಯುತ್ತವೆಯೇ? ಬಲಿತರೆ ಪಿಟ್ಸ್‌ಬರ್ಗಿನ ರೋಗಿಗೆ ಆದಷ್ಟೇ ಲಾಭ ಚಾಮರಾಜನಗರದ ರೋಗಿಗೂ ಆಗುತ್ತದೆಯೇ? ಈ ಪ್ರಶ್ನೆಗಳಿಗೆ ನಾರ್ವೆಯಿಂದಲೋ ಚೀನಾದಿಂದಲೋ ಉತ್ತರ ಬರಲಾರದು. ಉತ್ತರ ಇರುವುದು ಬೆಂಗಳೂರಿನ, ಹುಬ್ಬಳ್ಳಿಯ, ಕಲಬುರಗಿಯ, ಮಂಗಳೂರಿನ ಲ್ಯಾಬುಗಳ ಕಪಾಟಿನಲ್ಲಿರುವ ಮೇಣದ ಬ್ಲಾಕುಗಳಲ್ಲಿ.

ನಮ್ಮ ರೋಗಿಗಳಿಂದ ಬಂದ ಪುರಾವೆ ಜಗತ್ತಿನ ಚಿಕಿತ್ಸೆಯನ್ನೇ ಬದಲಿಸಿದ ಉದಾಹರಣೆ ಕಣ್ಣ ಮುಂದಿದೆ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ, ಹರಡಿದ ಮೇಲೆ ತೆಗೆದರೆ ಸಾಕೇ ಎಂಬ ಚರ್ಚೆ ದಶಕಗಳಿಂದ ನಡೆದಿತ್ತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಪ್ರಯೋಗ ಅದಕ್ಕೆ ತೆರೆ ಎಳೆಯಿತು: ಮೊದಲೇ ತೆಗೆದವರಲ್ಲಿ ಮೂರು ವರ್ಷದ ಕೊನೆಗೆ ಶೇ 80 ಮಂದಿ ಬದುಕಿದ್ದರು, ಕಾದವರಲ್ಲಿ ಶೇ 67.5. ಅದೇ ಸಂಸ್ಥೆಯ ಇನ್ನೊಂದು ಪ್ರಯೋಗದಲ್ಲಿ, ಮರುಕಳಿಸಿದ ಅಥವಾ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ರೋಗಿಗಳಿಗೆ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ನಿವೊಲುಮಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಬರೀ 20 ಮಿಲಿಗ್ರಾಂ ಕೊಟ್ಟಾಗ ಒಂದು ವರ್ಷ ಬದುಕಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಪಶ್ಚಿಮದ ದೇಶಗಳಲ್ಲಿ ಕೊಡುವ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅದು. ಇಮ್ಯುನೋಥೆರಪಿ ಶ್ರೀಮಂತರ ಔಷಧವಾಗಿ ಉಳಿಯಬೇಕಿಲ್ಲ ಎಂದು ತೋರಿಸಿಕೊಟ್ಟ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಔಷಧವೂ ಎಲ್ಲರಿಗೂ ಫಲ ಕೊಡುವುದಿಲ್ಲ. ಯಾರಿಗೆ ಕೊಡುತ್ತದೆ ಎಂದು ಮುಂಚೆಯೇ ಊಹಿಸಲು ಈಗ ಬಳಸುವ, ಗಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅರ್ಧಂಬರ್ಧ ಸಹಾಯ ಮಾಡುತ್ತದಷ್ಟೆ. ಬಲಿತ ಟಿಎಲ್‌ಎಸ್ ಇರುವುದು ಪಿಡಿ-ಎಲ್1 ಏನೇ ಇದ್ದರೂ ಇಮ್ಯುನೋಥೆರಪಿಯ ಫಲವನ್ನು ಸೂಚಿಸುತ್ತದೆ ಎಂದು 2021ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ತೋರಿಸಿದೆ. 2025ರ ಜೂನ್‌ನಲ್ಲಿ ಅಮೆರಿಕ ತಲೆ-ಕುತ್ತಿಗೆ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ಪೆಂಬ್ರೊಲಿಜುಮಾಬ್ ಎಂಬ ಇನ್ನೊಂದು ಇಮ್ಯುನೋಥೆರಪಿ ಔಷಧ ಕೊಡಲು ಅನುಮತಿ ನೀಡಿತು. ಈ ಔಷಧಗಳಿಗೆ ಸರ್ಕಾರದ ಹಣ ಕೊಡುವ ದಿನ ದೂರವಿಲ್ಲ. ಆ ಹಣ ಯಾರಿಗೆ ಉಪಯೋಗವಾದೀತು ಎಂದು ಹೇಳಬಲ್ಲ ಸುಳಿವು ಸ್ಲೈಡಿನಲ್ಲೇ ಇರುವಾಗ ಅದನ್ನು ಬರೆದಿಡದೆ ಬಿಡುವುದು ನನಗೆ ಸರಿಕಾಣುವುದಿಲ್ಲ.

ಹಾಗೆಂದು ಇವತ್ತೇ ಟಿಎಲ್‌ಎಸ್ ನೋಡಿ ಯಾರ ಚಿಕಿತ್ಸೆಯನ್ನೂ ಬದಲಿಸಬಾರದು. ಇದನ್ನು ಒತ್ತಿ ಹೇಳುತ್ತೇನೆ. ‘ನಿಮ್ಮ ಗಡ್ಡೆಯಲ್ಲಿ ರಕ್ಷಕ ಕೋಶಗಳ ಗುಂಪು ಇದೆ, ರೇಡಿಯೇಷನ್ ಬೇಡ’ ಎನ್ನುವ ಹಂತಕ್ಕೆ ವಿಜ್ಞಾನ ಬಂದಿಲ್ಲ. ಇದರ ಹೆಸರಿನಲ್ಲಿ ಯಾರಾದರೂ ಸಾವಿರಾರು ರೂಪಾಯಿಯ ಪರೀಕ್ಷೆ ಮಾರಲು ಬಂದರೆ ಇಲಾಖೆ ತಡೆಯಬೇಕು. ತಲೆ ಮತ್ತು ಕುತ್ತಿಗೆಯಲ್ಲಿ ಇದನ್ನು ಗುರುತಿಸುವುದು ಬೇರೆ ಅಂಗಗಳಿಗಿಂತ ಕಷ್ಟ. ಟಾನ್ಸಿಲ್‌ನಲ್ಲಿ, ನಾಲಗೆಯ ಬುಡದಲ್ಲಿ ಲಿಂಫಾಯ್ಡ್ ಅಂಗಾಂಶ ಹುಟ್ಟಿನಿಂದಲೇ ಇರುತ್ತದೆ. ಅಲ್ಲಿ ಹೊಸದು ಯಾವುದು, ಮೊದಲೇ ಇದ್ದದ್ದು ಯಾವುದು? ಗಡ್ಡೆಯ ಪಕ್ಕ ಸಿಕ್ಕಿದ ಪುಟ್ಟ ದುಗ್ಧಗ್ರಂಥಿಯನ್ನು ಅದರ ಹೊದಿಕೆ ನೋಡದೆ ಟಿಎಲ್‌ಎಸ್ ಎಂದುಬಿಡುವುದು ಸುಲಭ. ಬಾಯೊಳಗಿನ ಹುಣ್ಣಾದ ಗಡ್ಡೆಯ ಮೇಲ್ಮೈಯಲ್ಲಿ ಸೋಂಕಿನಿಂದಲೂ ಲಿಂಫೊಸೈಟುಗಳು ನೆರೆದಿರುತ್ತವೆ. ಟಿಎಲ್‌ಎಸ್ ಹೆಚ್ಚಾಗಿ ಸಿಗುವುದು ಗಡ್ಡೆ ಮುನ್ನುಗ್ಗುವ ಅಂಚಿನಲ್ಲಿ, ಹಾಗಾಗಿ ಒಪಿಡಿಯಲ್ಲಿ ಕಿತ್ತ ಅಕ್ಕಿಕಾಳಿನಷ್ಟು ಬಯಾಪ್ಸಿಯಲ್ಲಿ ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೀಮೋ ಜೊತೆ ಕೊಟ್ಟ ಸ್ಟೀರಾಯ್ಡ್ ಜರ್ಮಿನಲ್ ಸೆಂಟರ್ ಮೂಡದಂತೆ ಮಾಡುವುದು ಕಂಡುಬಂದಿದೆ. ಇಷ್ಟೆಲ್ಲ ಗೊಂದಲ ಇರುವುದರಿಂದಲೇ ಎಲ್ಲರೂ ಒಂದೇ ರೀತಿ ನೋಡಿ, ಒಂದೇ ರೀತಿ ಬರೆದು, ವರ್ಷಗಳ ಕಾಲ ಕಾದು ಹೋಲಿಸಬೇಕಾಗಿದೆ.

ಗಡ್ಡೆಯ ಆಳದ ಕತೆ ನೆನಪಿಸಿಕೊಳ್ಳೋಣ. ಮೊದಲು ಬಾಯಿ ಕ್ಯಾನ್ಸರಿನ ಸ್ಟೇಜು ನಿಂತಿದ್ದು ಬಹುಪಾಲು ಗಡ್ಡೆಯ ಅಗಲದ ಮೇಲೆ. ಆಳ ಮುಖ್ಯ ಎಂದು ಹಲವು ದೇಶಗಳ ಆಸ್ಪತ್ರೆಗಳು ಅಳೆದು ಬರೆದಿಟ್ಟಿದ್ದರಿಂದ, ಫಾಲೋಅಪ್ ಜೊತೆ ಹೋಲಿಸಿದ್ದರಿಂದ, 2017ರ ಎಂಟನೇ ಆವೃತ್ತಿಯ ಸ್ಟೇಜಿಂಗ್ ನಿಯಮದಲ್ಲಿ 5 ಮಿಲಿಮೀಟರ್, 10 ಮಿಲಿಮೀಟರ್ ಎಂಬ ಗೆರೆಗಳು ಬಂದವು. ಈಗ ಆಳ ಬರೆಯದ ರಿಪೋರ್ಟನ್ನು ಸರ್ಜನ್ ವಾಪಸ್ ಕಳಿಸುತ್ತಾರೆ. ಅಳೆದಿಟ್ಟವರು ಅಳೆಯುವಾಗ ಅದು ನಿಯಮವಾಗಿರಲಿಲ್ಲ.

ಈಗ ಕೆಲಸದ ಮಾತು. ರಿಪೋರ್ಟಿನಲ್ಲಿ ಸೇರಬೇಕಾದದ್ದು ಇಷ್ಟೇ: ಟಿಎಲ್‌ಎಸ್ ಇದೆಯೇ, ಗಡ್ಡೆಯ ಒಳಗೋ ಅಂಚಿನಲ್ಲೋ, ಸುಮಾರು ಎಷ್ಟು, ಜರ್ಮಿನಲ್ ಸೆಂಟರ್ ಕಾಣುತ್ತದೆಯೇ. ಇದಕ್ಕೆ ಹೊಸ ಯಂತ್ರ ಬೇಡ. ದಿನವೂ ಮಾಡುವ ಹೆಮಟಾಕ್ಸಿಲಿನ್-ಇಯೋಸಿನ್ ಸ್ಲೈಡನ್ನೇ ಕಡಿಮೆ ಪವರಿನಲ್ಲಿ ಇನ್ನೊಂದು ಸುತ್ತು ನೋಡಿದರೆ ಸಾಕು. ಅನುಮಾನ ಬಂದ ಕಡೆ ಬಿ ಕೋಶಗಳನ್ನು, ಜರ್ಮಿನಲ್ ಸೆಂಟರನ್ನು ಎತ್ತಿ ತೋರಿಸುವ ಸಿಡಿ20, ಸಿಡಿ21, ಸಿಡಿ23 ಬಣ್ಣಗಳು ಬೇಕಾಗಬಹುದು. ಲಿಂಫೋಮ ಪತ್ತೆಗಾಗಿ ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ಅವು ಈಗಾಗಲೇ ಇವೆ. ಜಿಲ್ಲೆಗಳ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ ಇಲ್ಲಿ ಓದಬಹುದು. ಗಡ್ಡೆಯ ಅಂಚಿನಿಂದ ಸಾಕಷ್ಟು ತುಂಡು ತೆಗೆಯಿರಿ, ತೆಗೆದ ತಕ್ಷಣ ಫಾರ್ಮಲಿನ್‌ಗೆ ಹಾಕಿ, ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಲಿ ಎಂಬ ಸುತ್ತೋಲೆ ಹೋದರೂ ಅರ್ಧ ಕೆಲಸ ಮುಗಿಯುತ್ತದೆ. ಪುಟ್ಟ ಡಬ್ಬಿಯಲ್ಲಿ ದೊಡ್ಡ ದವಡೆ ತುರುಕಿ, ಮುಳುಗುವಷ್ಟೂ ದ್ರವವಿಲ್ಲದೆ, ಬಸ್ಸಿನಲ್ಲಿ ಬಂದ ಸ್ಯಾಂಪಲ್ ತೆರೆದಾಗ ಮನಸ್ಸು ಮುದುಡುತ್ತದೆ. ಕೊಳೆಯಲು ಶುರುವಾದ ಅಂಗಾಂಶದಿಂದ ಯಾವ ಬಣ್ಣವೂ ಸತ್ಯ ಹೇಳಿಸಲಾರದು.

ಬ್ಲಾಕುಗಳನ್ನು ಉಳಿಸುವುದು ಇದಕ್ಕಿಂತ ಮುಖ್ಯ. ಮೇಣದಲ್ಲಿ ಹುದುಗಿಸಿದ ಅಂಗಾಂಶ ದಶಕಗಳವರೆಗೆ ಹಾಳಾಗದೆ ಇರಬಲ್ಲದು. ಆದರೆ ಲ್ಯಾಬು ಬದಲಾದಾಗ, ಕಟ್ಟಡ ಬದಲಾದಾಗ, ಜಾಗ ಸಾಲದಾದಾಗ ಮೊದಲು ಹೊರಗೆ ಹೋಗುವುದು ಅವೇ. ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೋಣೆಯಲ್ಲಿ ಮೇಣ ಕರಗಿ ಒಂದಕ್ಕೊಂದು ಅಂಟಿಕೊಂಡ ಬ್ಲಾಕುಗಳನ್ನೂ ಕಂಡಿದ್ದೇನೆ. ಈ ನಗರಕ್ಕೆ ಅಂಗಾಂಶ ಸಂಗ್ರಹ ಹೊಸದಲ್ಲ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳಿನ ಬ್ಯಾಂಕ್ ನಡೆಯುತ್ತಿದೆ. ಮಿದುಳಿಗೆ ಸಾಧ್ಯವಾದದ್ದು ಬಾಯಿಗೆ ಏಕೆ ಆಗದು? ಬೇಕಿರುವುದು ತಂಪಾದ ಕೋಣೆ, ಬಾರ್‌ಕೋಡ್, ಒಬ್ಬ ಜವಾಬ್ದಾರಿಯ ಟೆಕ್ನಿಷಿಯನ್, ಮತ್ತು ಪೆಥಾಲಜಿ ವಿಭಾಗದ ಒಪ್ಪಿಗೆಯಿಲ್ಲದೆ ಬ್ಲಾಕು ವಿಲೇವಾರಿ ಮಾಡಬಾರದು ಎಂಬ ಆದೇಶ.

ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು, ಫಾಲೋಅಪ್. ರಾಯಚೂರು, ಬೀದರ್ ಕಡೆಯಿಂದ ರಾತ್ರಿ ರೈಲಿನಲ್ಲಿ ಬಂದು, ಧರ್ಮಶಾಲೆಯಲ್ಲಿ ಇದ್ದು, ಆಪರೇಷನ್ ಮುಗಿಸಿಕೊಂಡು ಹೋದ ರೋಗಿ ಎರಡನೇ ವರ್ಷ ಬರುವುದಿಲ್ಲ. ಚೆನ್ನಾಗಿದ್ದಾರೆಂದು ಬರಲಿಲ್ಲವೋ, ದುಡ್ಡಿಲ್ಲದೆ ಬರಲಿಲ್ಲವೋ, ತೀರಿಕೊಂಡರೋ ತಿಳಿಯುವುದಿಲ್ಲ. ಫೋನ್ ನಂಬರ್ ಬದಲಾಗಿರುತ್ತದೆ. ಬ್ಲಾಕು ಎಷ್ಟೇ ಜೋಪಾನವಾಗಿದ್ದರೂ ಆ ಮನುಷ್ಯ ಏನಾದರೆಂದು ಗೊತ್ತಿಲ್ಲದಿದ್ದರೆ ಅದರಿಂದ ಏನೂ ಕಲಿಯಲಾಗದು. ಇದಕ್ಕೆ ಬೇಕಾದ ತಳಹದಿ ನಮ್ಮಲ್ಲಿ ಇದೆ. ಒಂದು ಪ್ರದೇಶದ ಎಲ್ಲ ಕ್ಯಾನ್ಸರ್ ರೋಗಿಗಳನ್ನೂ ದಾಖಲಿಸುವ ಜನಸಂಖ್ಯಾ ಆಧಾರಿತ ನೋಂದಣಿಗಳಲ್ಲಿ, ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಮೊದಲು ಶುರುವಾದ ಮೂರರಲ್ಲಿ ಬೆಂಗಳೂರಿನದೂ ಒಂದು; ಕಿದ್ವಾಯಿ ಸಂಸ್ಥೆ ಅದನ್ನು 1982ರಿಂದ ನಡೆಸಿಕೊಂಡು ಬಂದಿದೆ. ನೋಂದಣಿಗಳ ರಾಷ್ಟ್ರೀಯ ಕೇಂದ್ರವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎನ್‌ಸಿಡಿಐಆರ್ ಇರುವುದೂ ಬೆಂಗಳೂರಿನಲ್ಲೇ. ಆಶಾ ಕಾರ್ಯಕರ್ತೆಯರು ಪ್ರತಿ ಹಳ್ಳಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಆ ಮನೆಗೆ ಹೋಗಿ ‘ಹೇಗಿದ್ದೀರಾ, ಊಟ ನುಂಗಕ್ಕಾಗುತ್ತಾ, ಕುತ್ತಿಗೆಯಲ್ಲಿ ಗಂಟು ಬಂದಿದೆಯಾ’ ಎಂದು ಕೇಳಿ ದಾಖಲಿಸಲಿ, ಅದಕ್ಕೆ ತಕ್ಕ ಗೌರವಧನ ಅವರಿಗೆ ಸಿಗಲಿ. ಸಂಶೋಧನೆ ಒತ್ತಟ್ಟಿಗಿರಲಿ, ಆ ಒಂದು ಭೇಟಿಯಲ್ಲಿ ಮರುಕಳಿಸಿದ ಕ್ಯಾನ್ಸರ್ ಬೇಗ ಸಿಕ್ಕರೂ ಖರ್ಚು ಸಾರ್ಥಕ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡುವವರಿಲ್ಲದಾಗ ಇದು ಅತಿಯಾಯಿತೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಬಾಯಿ ತಪಾಸಣೆ ಮೊದಲು ಎಂದು ನಾನೂ ಹೇಳುತ್ತೇನೆ; ಅಲ್ಲಿಂದ ಒಂದು ರೂಪಾಯಿ ಈ ಕಡೆ ತಿರುಗಿಸಿ ಎನ್ನುವುದಿಲ್ಲ. ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಸರ್ಕಾರ ಈಗಾಗಲೇ ಹಣ ಕೊಡುತ್ತಿದೆ. ಹಾಗೆ ತೆಗೆದ ತುಂಡಿನಿಂದ ಮುಂದಿನ ರೋಗಿಗೆ ಸಿಗಬೇಕಾದ ತಿಳಿವಳಿಕೆ ಕಸದ ಬುಟ್ಟಿಗೆ ಹೋಗದಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ರೋಗಿಯ ಒಪ್ಪಿಗೆಯ ವಿಷಯದಲ್ಲಿ ರಾಜಿ ಬೇಡ. ತೆಗೆದ ಅಂಗಾಂಶ ಆಸ್ಪತ್ರೆಯ ಸ್ವತ್ತಲ್ಲ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲಿ ಉಳಿದ ಅಂಗಾಂಶದ ಬಳಕೆಗೆ ನಿಯಮಗಳಿವೆ. ಆಪರೇಷನ್ ದಿನ ಬೆಳಗ್ಗೆ, ಹಸಿದುಕೊಂಡು ಹೆದರಿ ಕೂತ ಮನುಷ್ಯನ ಮುಂದೆ ಇಂಗ್ಲಿಷ್ ಫಾರಂ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ಕನ್ನಡದಲ್ಲಿ, ಉರ್ದು, ತೆಲುಗು, ತಮಿಳಿನಲ್ಲಿ ಒಂದೇ ಪುಟದ ಪತ್ರ ಇರಲಿ. ಹಿಂದಿನ ದಿನವೇ ಮನೆಯವರ ಎದುರು ಓದಿ ಹೇಳಲಿ. ಬೇಡ ಎಂದವರ ಚಿಕಿತ್ಸೆಯಲ್ಲಿ ಕಿಂಚಿತ್ತೂ ವ್ಯತ್ಯಾಸ ಆಗದಿರಲಿ. ಹೆಸರು, ಊರು ಬಿಟ್ಟು ಬರೀ ಸಂಕೇತ ಸಂಖ್ಯೆಯಲ್ಲಿ ಮಾಹಿತಿ ಹೋಗಲಿ.

ಎಲ್ಲವೂ ಒಟ್ಟಿಗೆ ಆಗುವುದಿಲ್ಲವೆಂದು ಬಲ್ಲೆ. ಹಾಗಾಗಿ ಮೊದಲ ಹೆಜ್ಜೆಯಾಗಿ ಎರಡು ಆದೇಶ ಹೊರಡಿಸಿ. ರಾಜ್ಯದ ಸರ್ಕಾರಿ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳಲ್ಲಿ, ಯೋಜನೆಯ ಹಣ ಪಡೆಯುವ ಖಾಸಗಿ ಆಸ್ಪತ್ರೆಗಳಲ್ಲಿ ಈಗ ಇರುವ ತಲೆ-ಕುತ್ತಿಗೆ ಕ್ಯಾನ್ಸರ್ ಬ್ಲಾಕುಗಳನ್ನು ಮುಂದಿನ ಸೂಚನೆಯವರೆಗೆ ಯಾರೂ ವಿಲೇವಾರಿ ಮಾಡಬಾರದು. ಪೆಥಾಲಜಿಸ್ಟರು, ಓರಲ್ ಪೆಥಾಲಜಿಸ್ಟರು, ಸರ್ಜನ್‌ಗಳು, ನೋಂದಣಿಯವರು ಸೇರಿದ ಸಣ್ಣ ಸಮಿತಿಯೊಂದು ರಿಪೋರ್ಟಿನ ಆ ಸಾಲಿನ ಒಕ್ಕಣೆಯನ್ನು, ಎಣಿಸುವ ಕ್ರಮವನ್ನು ನಿಗದಿ ಮಾಡಲಿ. ಒಂದೇ ಸ್ಲೈಡನ್ನು ಇಬ್ಬರು ಬೇರೆ ಬೇರೆ ಓದಿ ಎಣಿಕೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ಮೊದಲು ಆಗಬೇಕು. ಅದಕ್ಕೆ ಕಣ್ಣು ಮತ್ತು ಸಮಯ ಬೇಕು. ನನ್ನವನ್ನು ಸಂಬಳ ಕೇಳದೆ ಕೊಡುತ್ತೇನೆ. ಕೂತು ಸ್ಲೈಡು ಓದಲು ಒಪ್ಪಿರುವ ಸಹೋದ್ಯೋಗಿಗಳೂ ಇದ್ದಾರೆ. ಇಲಾಖೆ ಯಾವ ಕಾಲೇಜಿನಲ್ಲಿ ಮೈಕ್ರೋಸ್ಕೋಪು, ಮೇಜು ತೋರಿಸುತ್ತದೋ ಅಲ್ಲಿಗೆ ಬರುತ್ತೇವೆ.

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಪೆಥಾಲಜಿಸ್ಟ್